ಖಾಲಿ ಸ್ಟ್ರೆಚರ್ ತಳ್ಳಿದ ಅಣ್ಣನಿಗೆ

ಕಳೆದ ತಿಂಗಳ ಲೆಕ್ಕ ಬಂತು. ಲಕ್ವ ಹೊಡೆದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಎಮರ್ಜೆನ್ಸಿ ಬಾಗಿಲು ದಾಟಿದ 20 ನಿಮಿಷದೊಳಗೆ ಮೆದುಳಿನ ಸಿಟಿ ಸ್ಕ್ಯಾನ್ ಆಗಿದೆ. ನಮ್ಮ ಆಸ್ಪತ್ರೆ ಈ ಮಟ್ಟಕ್ಕೆ ಬರಲು ಪಟ್ಟ ಪಾಡು ನಿಮಗೆಲ್ಲ ಗೊತ್ತಿರುವುದೇ. ನನಗೆ ಬಾಕಿಯಿರುವುದು ಋಣದ ಮಾತು.

ದಾರಿಯಲ್ಲಿರುವಾಗಲೇ ಫೋನ್ ಮಾಡುವ ಆಂಬುಲೆನ್ಸಿನವರಿಗೆ, ಸ್ಕ್ಯಾನಿನಲ್ಲಿ ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಕೊಡಲು ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿಗೆ ಕಾಯುವುದನ್ನು ಬಿಟ್ಟ ರೇಡಿಯಾಲಜಿಯವರಿಗೆ, ನನ್ನ ಗೊಣಗಾಟ ಸಹಿಸಿದ ನರರೋಗ ವಿಭಾಗಕ್ಕೆ ಧನ್ಯವಾದ. ಎಲ್ಲರನ್ನೂ ಒಂದೇ ವಾಕ್ಯಕ್ಕೆ ತುರುಕಿದೆ, ಬೈಯಬೇಡಿ.

ಉಳಿದದ್ದೆಲ್ಲ ರಾತ್ರಿ ಪಾಳಿಯ ನಮ್ಮ ಸ್ಟ್ರೆಚರ್ ಅಣ್ಣನಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ.

ಒಂದು ರಾತ್ರಿ ಲಕ್ವ ಹೊಡೆದ ರೋಗಿಯೊಬ್ಬರು ತೊದಲುತ್ತಾದರೂ ಮಾತಾಡುತ್ತಲೇ ಒಳಬಂದಿದ್ದರು. ಸಮಯ ಇನ್ನೂ ಇತ್ತು. ನೋಂದಣಿಗೆ ಕಾದೆವು, ರಕ್ತದ ವರದಿಗೆ ಕಾದೆವು, ಇನ್ನೊಂದು ಸ್ಟ್ರೆಚರಿಗೆ ಕಾದೆವು. ರಕ್ತಸ್ರಾವ ಇಲ್ಲವೆಂದು ಸಿಟಿ ಹೇಳದೆ ಹೆಪ್ಪು ಕರಗಿಸುವ ಮದ್ದು ಕೊಡುವಂತಿಲ್ಲ. ಅದು ಹೇಳುವಷ್ಟರಲ್ಲಿ ಲಕ್ವ ಹೊಡೆದಾಗಿನಿಂದ ಆ ಮದ್ದಿಗೆ ಸಾಮಾನ್ಯವಾಗಿ ಇರುವ ನಾಲ್ಕೂವರೆ ಗಂಟೆಯ ಗಡಿ ದಾಟಿತ್ತು. "ಬರುವಾಗ ಮಾತಾಡ್ತಿದ್ರಲ್ಲ ಡಾಕ್ಟ್ರೇ" ಎಂದರು ಹೆಂಡತಿ. ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ಕೇಳಿದರು.

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಣ್ಣ ಪಕ್ಕದಲ್ಲಿ ಬಂದು ಕೂತರು, ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಬೆಳಕು ಹರಿದ ಮೇಲೆ ಖಾಲಿ ಸ್ಟ್ರೆಚರ್ ಎಳೆದು ತಂದು, "ಗಡಿಯಾರ ನೋಡ್ತಾ ಬನ್ನಿ" ಎಂದರು. ಬಾಗಿಲಿನಿಂದ ಸಿಟಿ ಕೋಣೆಯವರೆಗೆ ತಳ್ಳಿಕೊಂಡು ಹೋದೆವು. ಲಿಫ್ಟಿಗೆ ನಿಂತದ್ದೂ ಸೇರಿ 3 ನಿಮಿಷ.

"ಮಿಕ್ಕ ಹೊತ್ತೆಲ್ಲ ಎಲ್ಲಿ ಹೋಯ್ತು?"

ನಾನು ಆಮೇಲೆ ಮಾಡಿದ್ದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ. ಅವರು ಗ್ಲೌಸ್ ಡಬ್ಬಿಯ ರಟ್ಟು ಹರಿದು, ಪ್ರತಿ ರೋಗಿ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತರೆಂದು ಬರೆದಿಟ್ಟರು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಸಾಕು, ಉಳಿದ ರಕ್ತಪರೀಕ್ಷೆ ಸಾಮಾನ್ಯವಾಗಿ ಸ್ಕ್ಯಾನಿಗೆ ಅಡ್ಡ ಬರಬೇಕಿಲ್ಲ ಎಂದು ನಾನು ವಾದಿಸಿ ಗೆದ್ದದ್ದು ಆ ರಟ್ಟುಗಳ ಬಲದಿಂದ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ರೋಗಿಯನ್ನು ಆಂಬುಲೆನ್ಸಿನ ಸ್ಟ್ರೆಚರಿನಲ್ಲೇ ನೇರ ಸಿಟಿಗೆ ಒಯ್ಯುತ್ತಾರಂತೆ ಎಂದು ಓದಿ ಹೇಳಿದಾಗ, "ಇದಕ್ಕೂ ಓದಬೇಕಿತ್ತಾ?" ಎಂದು ನಕ್ಕರು.

ಆ ಹೆಂಡತಿಗೆ ಈ ಲೆಕ್ಕದಿಂದ ಏನೂ ಸಿಗುವುದಿಲ್ಲ. ಗೊತ್ತಿದೆ.

ಅಣ್ಣಾ, ಪೆನ್ನು ಬರೀತಿಲ್ಲ ಅಂದಿದ್ರಲ್ಲ. ಹೊಸದು ತಂದು, ರೋಗಿಗಳನ್ನು ಮೊದಲು ನೋಡುವ ಟ್ರಯಾಜ್ ಮೇಜಿನ ಮೇಲೆ ಇಟ್ಟಿದ್ದೇನೆ. ಬೇರೆ ಯಾರಾದರೂ ಜೇಬಿಗಿಳಿಸುವ ಮುಂಚೆ ತಗೊಳ್ಳಿ.