ಕುಂಕುಮದ ಹೊಲ

ಹಡಪಸರ, ಪುಣೆ

ಪ್ರೀತಿಯ ಪುಟ್ಟಿ,

ಊರಿನ ಹೊಲಗಳ ಉತಾರಗಳನ್ನು, ಅಂದರೆ ಪಹಣಿಗಳನ್ನು ನೋಡಿ, "ಯಾವ ಹೊಲ ಎಲ್ಲಿದೆ ಅಂತಲೇ ಗೊತ್ತಾಗಲ್ಲ ಅಪ್ಪಾ" ಅಂದೆಯಲ್ಲ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉತಾರದಲ್ಲಿ ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ ಇರುತ್ತವೆ. ಆದರೆ ನಮ್ಮೂರಲ್ಲಿ ಯಾರೂ ನಂಬರ್ ಹೇಳಿ ಹೊಲಕ್ಕೆ ಹೋಗುವುದಿಲ್ಲ.

ಸೋಲಾಪುರ ದಾರಿಯಲ್ಲಿ ಇಂದಾಪುರ ಬರುತ್ತದಲ್ಲ, ಅಲ್ಲಿ 1836ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಕಂದಾಯ ಕಟ್ಟಿದರು. ಆ ಪದ್ಧತಿಯೇ ಮುಂದೆ ಮುಂಬಯಿ ಪ್ರಾಂತ್ಯದ ತುಂಬ ಹರಡಿ ನಮ್ಮ ಬಿಜಾಪುರಕ್ಕೂ ಬಂತು. ಸರ್ವೆ ನಂಬರ್ ಆ ಕಂದಾಯದ ಲೆಕ್ಕದ್ದು. ಕಂದಾಯಕ್ಕೆ ನಂಬರ್ ಸಾಕು. ಬಿತ್ತುವವರಿಗೆ ಸಾಲದು, ಅವರಿಗೆ ಹೊಲದ ಹೆಸರು ಬೇಕು.

ಮಡ್ಡಿ ಹೊಲದ್ದು ಕಲ್ಲು ಕೂಡಿದ ತೆಳು ಮಣ್ಣು. ಬೇಗ ಒಣಗುತ್ತದೆ. ಮುಂಗಾರಿಗೆ ಸಜ್ಜೆ, ಹೆಸರು ಬಿಟ್ಟರೆ ಜಾಸ್ತಿ ಆಸೆ ಇಡಬಾರದು. ಡೋಣಿ ದಂಡಿ ಹೊಲ ಡೋಣಿ ಹೊಳೆಯ ಪಕ್ಕದ ಆಳವಾದ ಎರೆ ಮಣ್ಣು, ತೇವ ಬಿಡುವುದಿಲ್ಲ. ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ. ಎರಡು ಕೂರಿಗೆ ಹೊಲ ಅಂದರೆ ಎರಡು ಕೂರಿಗೆ ಹೂಡಿ ಒಂದು ದಿನದಲ್ಲಿ ಬಿತ್ತುವಷ್ಟು ನೆಲ. ಬನ್ನಿ ಗಿಡದ ಹೊಲ ನಿನಗೆ ಗೊತ್ತೇ ಇದೆ, ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಿ ಊಟಕ್ಕೆ ಕೂರುವುದು ಅಲ್ಲೇ ಅಲ್ವಾ.

ಕುಂಕುಮದ ಹೊಲ ಅಂದರೆ ಹೊಸಬರು ಕೆಂಪು ಮಣ್ಣಿರಬೇಕು ಅಂದುಕೊಳ್ಳುತ್ತಾರೆ. ಮಣ್ಣು ಅಪ್ಪಟ ಕಪ್ಪು. ನನ್ನ ಆಯಿಯ, ಅಂದರೆ ಅಪ್ಪನ ಅವ್ವನ ಮದುವೆಯಲ್ಲಿ ಅವಳ ಅಪ್ಪ ಅರಿಶಿನ-ಕುಂಕುಮಕ್ಕೆ ಅಂತ ಬಾಯಿಮಾತಿನಲ್ಲಿ ಕೊಟ್ಟ ಹೊಲ ಅದು. ತವರೂ ಅದೇ ಊರು. ಉತಾರಕ್ಕೆ ಮಾತ್ರ ಅವಳ ಗಂಡ, ನನ್ನ ಮುತ್ಯಾನ ಹೆಸರು ಹತ್ತಿತು, ಆಮೇಲೆ ನನ್ನ ಅಪ್ಪನದು, ಈಗ ನನ್ನದು. ಆಯಿಯ ಹೆಸರು ಒಂದು ಕಾಗದದಲ್ಲೂ ಇಲ್ಲ. ಆದರೂ ಪ್ರತಿ ಸುಗ್ಗಿಗೆ ಆ ಹೊಲದ ಜೋಳ ಮಾರಿದ ದುಡ್ಡು ಅವಳ ಕೈಗೇ ಬರುತ್ತಿತ್ತು. ಸೀರೆ ತಗೊಂಡಳೋ, ತಂಗಿಗೆ ಕೊಟ್ಟಳೋ, ಯಾರೂ ಕೇಳುವ ಹಾಗಿರಲಿಲ್ಲ. ಅವಳ ಹಕ್ಕನ್ನು ಕಾಯ್ದದ್ದು ಆ ಹೆಸರೇ ಅಂತ ನಾನು ನಂಬಿದ್ದೇನೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆಸ್ತಿ ಹಂಚುವ ವಾಟಣಿಯಲ್ಲಿ ಕುಂಕುಮದ ಹೊಲ ನಿನಗೇ ಬರಲಿ ಅಂತ ನನ್ನ, ನಿನ್ನ ಅಮ್ಮನ ಆಸೆ. ನಿನ್ನ ತಮ್ಮನೂ ಒಪ್ಪಿದ್ದಾನೆ. ಪತ್ರ ಬರೆಸುವಾಗ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯ ಜೊತೆ ಹೊಲದ ಹೆಸರನ್ನೂ ಹಾಕಿಸು. ವಕೀಲರು ಬೇಕಿಲ್ಲ ಅಂದರೂ ಬಿಡಬೇಡ. ಸುತ್ತಲಿನ ಹೊಲಗಳ ಹೆಸರು ನಿನ್ನ ಸೋದರತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ದಸರೆಗೆ ಹೋದಾಗ ಅವಳ ಜೊತೆ ಬದುಗಳ ಮೇಲೆ ಒಂದು ಸುತ್ತು ಹಾಕಿ ಎಲ್ಲ ಬರೆದುಕೊ.

ನಿನ್ನ ಅಪ್ಪ