ಗಡಿ ಜಿಲ್ಲೆ ಒಡೆದರೆ ಗಡಿ ಹೋಗುವುದಿಲ್ಲ

ಮಾನ್ಯ ಸಂಪಾದಕರೆ,

ಬೆಳಗಾವಿ ಜಿಲ್ಲೆಯನ್ನು ಒಡೆದು ಚಿಕ್ಕೋಡಿ, ಗೋಕಾಕ ಜಿಲ್ಲೆ ಮಾಡುವ ಮಾತು ಎದ್ದಾಗಲೆಲ್ಲ ‘ಬೆಳಗಾವಿ ಗಡಿ ಜಿಲ್ಲೆ, ಒಡೆದರೆ ಮಹಾರಾಷ್ಟ್ರದ ವಾದಕ್ಕೆ ಬಲ ಬರುತ್ತದೆ’ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದ ಮಾಸ್ತರ ನಾನು. ಅವರಿಗೆ ಉತ್ತರ ಆಫ್ರಿಕದ ಅಲ್ಜೀರಿಯಾದ ನಕಾಶೆ ಬಿಡಿಸಿ ತೋರಿಸಬೇಕು ಅನ್ನಿಸುತ್ತದೆ.

ಆ ದೇಶದ ದಕ್ಷಿಣ ತುದಿಯಲ್ಲಿ ತಮನ್‌ರಾಸೆಟ್ ಎಂಬ ಪ್ರಾಂತ್ಯ. ಅಲ್ಲಿ ಪ್ರಾಂತ್ಯಕ್ಕೆ ವಿಲಾಯ ಅನ್ನುತ್ತಾರೆ, ಅದರ ಕೆಳಗೆ ದಾಯಿರಾ, ಅದರ ಕೆಳಗೆ ಕಮ್ಯೂನ್. ಹೆಚ್ಚುಕಡಿಮೆ ನಮ್ಮ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಇದ್ದ ಹಾಗೆ. ಈ ಒಂದೇ ವಿಲಾಯದ ವಿಸ್ತೀರ್ಣ ಐದೂವರೆ ಲಕ್ಷ ಚದರ ಕಿ.ಮೀ.ಗೂ ಹೆಚ್ಚಿತ್ತು, ಅಂದರೆ ಹತ್ತಿರ ಹತ್ತಿರ ಮೂರು ಕರ್ನಾಟಕ! ನಡುವೆ ಹೊಗ್ಗಾರ್ ಪರ್ವತ. ದೇಶದ ಅತಿ ಎತ್ತರದ ತಹಾತ್ ಶಿಖರ ಅಲ್ಲೇ ಇದೆ. ಉತ್ತರಕ್ಕೆ ತಿದಿಕೆಲ್ತ್ ಬಯಲಿನ ಇನ್ ಸಾಲಾ ಪಟ್ಟಣ, ದಕ್ಷಿಣಕ್ಕೆ ನೈಜರ್ ಗಡಿಗೆ ಅಂಟಿಕೊಂಡ ಇನ್ ಗೆಜ್ಜಾಮ್. 2011ರಲ್ಲಿ ಇನ್ ಸಾಲಾದ ಅಂತರ್ಜಲವನ್ನು ಸುಮಾರು 750 ಕಿ.ಮೀ. ಕೊಳವೆ ಹಾಕಿ ವಿಲಾಯದ ಕೇಂದ್ರವಾದ ತಮನ್‌ರಾಸೆಟ್ ಪಟ್ಟಣಕ್ಕೆ ಒಯ್ದರು. ಜನ ಮಾತ್ರ ಕಚೇರಿ ಕೆಲಸಕ್ಕೆ ಅದೇ ಮರಳುಗಾಡು ದಾಟಿ ಹೋಗಬೇಕಿತ್ತು.

ಸರಕಾರ ಏನು ಮಾಡಿತು? 2015ರಲ್ಲಿ ಇನ್ ಸಾಲಾ, ಇನ್ ಗೆಜ್ಜಾಮ್ ಎರಡಕ್ಕೂ ನಮ್ಮ ಅಪರ ಜಿಲ್ಲಾಧಿಕಾರಿಯಂಥ ಅಧಿಕಾರಿಯನ್ನು ಕೊಟ್ಟಿತು. 2019ರಲ್ಲಿ ಎರಡನ್ನೂ ಪೂರ್ಣ ವಿಲಾಯ ಮಾಡಿತು. ಆ ವರ್ಷ ದೇಶದ ವಿಲಾಯಗಳು 48ರಿಂದ 58ಕ್ಕೇರಿದವು. ಹೊಸದರಲ್ಲಿ ಮಾಲಿ ಗಡಿಯ ಬೋರ್ಜ್ ಬಾಜಿ ಮೊಖ್ತಾರ್ ಕೂಡ ಒಂದು. ಗಡಿಯಾಚೆ 2012ರಿಂದ ಬಂಡಾಯ, ಗುಂಡಿನ ಸದ್ದು. ಅಂಥಲ್ಲಿಯೇ ಕಚೇರಿ ತೆರೆದು ಅಧಿಕಾರಿಯನ್ನು ಕೂರಿಸಿದರು. ಗಡಿ ಕಾಯುವುದು ಹೀಗೆ.

ಮರಳುಗಾಡಿಗೂ ಕೃಷ್ಣಾ ತೀರಕ್ಕೂ ಏನು ಹೋಲಿಕೆ ಅನ್ನಬಹುದು. ನಿಜ, ಅಷ್ಟಗಲ ತಮನ್‌ರಾಸೆಟ್‌ನಲ್ಲಿ 2008ರ ಗಣತಿಯಂತೆ ಇದ್ದವರು ಎರಡು ಲಕ್ಷಕ್ಕೂ ಕಡಿಮೆ. ನಮ್ಮ ಜಿಲ್ಲೆಯಲ್ಲಿ 2011ರಲ್ಲೇ 47 ಲಕ್ಷ ದಾಟಿತ್ತು. ಹೊಳೆದಂಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ 2019ರ ಮಹಾಪೂರದಲ್ಲಿ ಬಿತ್ತು. ಪರಿಹಾರದ ಕಾಗದ ಹಿಡಿದು ಹೋಗಿ ಬಂದವ ಹೇಳಿದ್ದು: “ಗುರುಗಳ, ನಸುಕಿನ್ಯಾಗ ಬಸ್ ಹತ್ತೀನ್ರಿ. ಬೆಳಗಾವಿ ಮುಟ್ಟೂದ್ರಾಗ ಸಾಹೇಬ್ರು ಮೀಟಿಂಗಿಗೆ ಹ್ವಾದ್ರಂತ. ಉತಾರ, ಪಂಚನಾಮಿ ಹಂಗ ಚೀಲದಾಗ ಅದಾವ.” ಅಥಣಿಯಿಂದ ಬೆಳಗಾವಿ ಸುಮಾರು 140 ಕಿ.ಮೀ. ಚಿಕ್ಕೋಡಿ ಅದರ ಅರ್ಧ.

1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಬಾಗಲಕೋಟೆಯನ್ನು ವಿಜಾಪುರದಿಂದ ಬೇರೆ ಮಾಡಿತು. ಚಿಕ್ಕೋಡಿ, ಗೋಕಾಕ ಆಗ ಪಟ್ಟಿಯಲ್ಲಿದ್ದೂ ತಡೆಬಿದ್ದವು. ಚಿಕ್ಕೋಡಿಗೆ ಶೈಕ್ಷಣಿಕ ಜಿಲ್ಲೆ ಇದೆ, ಆರ್‌ಟಿಒ ಇದೆ, ಇಲ್ಲದ್ದು ಜಿಲ್ಲಾಧಿಕಾರಿ. ಪೂರ್ಣ ಜಿಲ್ಲೆ ತಡವಾಗುವುದಾದರೆ ಅಲ್ಜೀರಿಯಾದ 2015ರ ಹೆಜ್ಜೆಯನ್ನಾದರೂ ಇಡಲಿ: ನೆರೆ ಪರಿಹಾರ, ಭೂಸ್ವಾಧೀನದ ಕಡತಗಳಿಗೆ ಅಲ್ಲಿಯೇ ಸಹಿ ಹಾಕುವ ಅಪರ ಜಿಲ್ಲಾಧಿಕಾರಿಯನ್ನು ಕೊಡಲಿ. ಸುವರ್ಣಸೌಧದ ಮುಂದಿನ ಅಧಿವೇಶನದಲ್ಲಿ ನಮ್ಮ ಶಾಸಕರು ಇಷ್ಟಾದರೂ ಕೇಳಲಿ. ಜಿಲ್ಲಾ ಕೇಂದ್ರ ಚಿಕ್ಕೋಡಿಯೋ, ಗೋಕಾಕವೋ, ನಮ್ಮ ಅಥಣಿಯೋ ಎಂಬ ಜಗಳ ಆಮೇಲೆ ಇದ್ದೇ ಇದೆ.

- ನಿವೃತ್ತ ಶಿಕ್ಷಕ, ಅಥಣಿ