ಲಾಂಜರೋಟೆಯ ಬೂದಿಯಲ್ಲಿ ಓಡುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೊಂದಾದ ಲಾಂಜರೋಟೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ನಡೆಯುವ ವೈನ್ ರನ್ ಎಂಬ ಓಟಕ್ಕೆ ಹೆಸರು ಕೊಡುವ ಯೋಚನೆ ನಿನಗಿದೆ ಅಂತ ಗೊತ್ತಾಯಿತು. ದೂರವೆಷ್ಟು, ಏರೆಷ್ಟು ಅಂತಷ್ಟೇ ನೋಡಿಕೊಂಡು ಹೊರಟರೆ ಸಾಲದು. ಅಲ್ಲಿ ಎಲ್ಲವನ್ನೂ ನಿರ್ಧರಿಸುವುದು ಕಾಲಡಿಯ ಕಪ್ಪು ಬೂದಿ. ಓಟ ಕೆಡಿಸುವುದೂ ಅದೇ, ದ್ರಾಕ್ಷಿ ಬೆಳೆಸುವುದೂ ಅದೇ.

1730ರ ಸೆಪ್ಟೆಂಬರ್ 1ರ ರಾತ್ರಿ ದ್ವೀಪದ ತಿಮನ್‌ಫಾಯಾ ಎಂಬ ಊರಿನ ಬಳಿ ನೆಲ ಬಿರಿದು ಜ್ವಾಲಾಮುಖಿ ಸಿಡಿಯಿತು. ಬೆಂಕಿ ನಿಂತಿದ್ದು 1736ರ ಏಪ್ರಿಲ್‌ನಲ್ಲಿ. ದ್ವೀಪದ ಹೆಚ್ಚುಕಡಿಮೆ ಕಾಲುಭಾಗ ಲಾವಾ ಕೆಳಗೆ ಹೋಯಿತು, ಒಳ್ಳೆಯ ಕಾಳಿನ ಹೊಲಗಳೂ ಹೋದವು. ಲಾವಾ ಹರಿದು ಗಟ್ಟಿಯಾದ ಕಡೆ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ಬೂದಿ ಮತ್ತು ಸಣ್ಣ ಜಲ್ಲಿ ಮಾತ್ರ ಬಿದ್ದ ಕಡೆ, ಅಗೆದರೆ ಕೆಳಗೆ ಹಳೆಯ ಮಣ್ಣು ಸಿಗುತ್ತಿತ್ತು. ಗುಳಿ ತೋಡಿ ದ್ರಾಕ್ಷಿ ಬೆಳೆಯುವ ಲಾ ಹೇರಿಯಾ ಪ್ರದೇಶ ಹುಟ್ಟಿದ್ದು ಹಾಗೆ. ಕೆಲವು ಗುಳಿಗಳು ಮೂರು ಮೀಟರ್‌ವರೆಗೂ ಆಳ. ಮಣ್ಣು ತಾಗುವ ತನಕ ತೋಡಿ, ತಳದಲ್ಲಿ ಒಂದೇ ಬಳ್ಳಿ ನೆಟ್ಟು, ಗಾಳಿ ಬರುವ ಕಡೆಗೆ ಅರ್ಧಚಂದ್ರಾಕಾರದ ಕಲ್ಲುಗೋಡೆ ಕಟ್ಟುತ್ತಾರೆ. ಗುಳಿಗೆ ಓಯೊ, ಗೋಡೆಗೆ ಸೊಕೊ, ಜಲ್ಲಿಗೆ ಪಿಕೋನ್ ಅಂತಾರೆ.

ವರ್ಷದ ಮಳೆ ಸುಮಾರು 150 ಮಿಲಿಮೀಟರ್ ಅಷ್ಟೆ. ಪಿಕೋನ್ ಪೂರ್ತಿ ಸಣ್ಣ ತೂತುಗಳ ಕಲ್ಲು: ಬಿದ್ದ ಹನಿಯನ್ನು ತಕ್ಷಣ ಕೆಳಗಿಳಿಸುತ್ತದೆ, ರಾತ್ರಿಯ ತೇವವನ್ನೂ ಹಿಡಿಯುತ್ತದೆ, ಹಗಲು ಮುಚ್ಚಳದಂತೆ ಕೂತು ಮಣ್ಣಿನ ನೀರು ಆವಿಯಾಗದಂತೆ ತಡೆಯುತ್ತದೆ.

ಇನ್ನು ಓಟ. ಜೂನ್ ತಿಂಗಳಲ್ಲಿ ನಡೆಯುತ್ತದೆ. ಉದ್ದದ್ದು, ಗಿಡ್ಡದ್ದು ಎರಡಿವೆ, ನಡೆಯುವವರಿಗೂ ಅವಕಾಶವಿದೆ. ದಾರಿ ವರ್ಷವರ್ಷಕ್ಕೆ ಬದಲಾಗಬಹುದು, ಹೆಸರು ಕೊಡುವಾಗ ಆ ವರ್ಷದ ನಕ್ಷೆಯನ್ನೇ ನೋಡು. ಪಿಕೋನ್ ಮೇಲೆ ಪಾದ ಒತ್ತಿದಾಗ ಜಲ್ಲಿ ಹಿಂದಕ್ಕೆ ಜಾರುತ್ತದೆ, ಹಾಕಿದ ಬಲದಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಟಾರು ರಸ್ತೆಯ ವೇಗವನ್ನು ಇಲ್ಲಿ ಹಿಡಿಯಲು ಹೋದವರು ಅರ್ಧ ದಾರಿಗೇ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಾರೆ. ಗಡಿಯಾರ ಬಿಡು, ಉಸಿರು ನೋಡಿ ಓಡು. ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ ಇಡೀ ಪಾದ ಊರು. ಹೊರಡುವ ಮುಂಚಿನ ಆರು ವಾರ, ವಾರಕ್ಕೊಮ್ಮೆಯಾದರೂ ಸಡಿಲ ಮರಳಲ್ಲಿ ಓಡಿದರೆ ಮೀನಖಂಡಕ್ಕೆ ಅಭ್ಯಾಸವಾಗುತ್ತದೆ.

ಶೂ ವಿಷಯದಲ್ಲಿ ಜಿಪುಣತನ ಬೇಡ. ಟ್ರೇಲ್ ಶೂ ಇರಲಿ, ಮೇಲಿನ ಜಾಲರಿ ಆದಷ್ಟು ಬಿಗಿಯಾದ್ದಿರಲಿ. ತೆಳು ಜಾಲರಿಯೊಳಗೆ ಸಣ್ಣ ಬೂದಿ ನುಗ್ಗಿ ಬೆವರಿನ ಜೊತೆ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಕಾಲುಗಂಟು ಮುಚ್ಚುವ ಗೇಟರ್ ಹಾಕು, ಅದಿಲ್ಲದಿದ್ದರೆ ಉದ್ದದ ಸಾಕ್ಸ್ ಆದರೂ ಸರಿ. ಲಾವಾ ಕಲ್ಲಿನ ಅಂಚು ಗಾಜಿನಷ್ಟೇ ಚೂಪು. ಅಲ್ಲಿ ದಾಪುಗಾಲು ಹಾಕಬೇಡ.

ಗಾಳಿ ಈಶಾನ್ಯದಿಂದ ಬೀಸುತ್ತದೆ, ಬೇಸಗೆಯಲ್ಲಿ ಜೋರು. ದಿಕ್ಕು ತಿಳಿಯಲು ಸೊಕೊಗಳೇ ಸಾಕು: ಎದುರಿಗೆ ಗೋಡೆಗಳ ಉಬ್ಬಿದ ಬೆನ್ನು ಕಂಡರೆ ಗಾಳಿ ನಿನ್ನ ಹಿಂದಿನಿಂದ, ಗೋಡೆಯ ತೆರೆದ ಒಡಲು ಕಂಡರೆ ಗಾಳಿಗೆ ಎದುರಾಗಿ ಓಡುತ್ತಿದ್ದೀಯ. ಎದುರುಗಾಳಿಯಲ್ಲಿ ಗುಂಪಿನ ಹಿಂದೆ ಸೇರಿಕೋ. ಗಾಳಿ ತಂಪೆನಿಸುವುದರಿಂದ ಬೆವರು ಗೊತ್ತೇ ಆಗುವುದಿಲ್ಲ, ನೆರಳು ಕೊಡುವ ಮರವೂ ಇಲ್ಲ. ಅರ್ಧ ಲೀಟರ್ ನೀರು ಜೊತೆಗೇ ಇರಲಿ. ಮತ್ತೆ, ಫೋಟೋಗೆಂದು ಗುಳಿಯೊಳಗೆ ಇಳಿಯಬೇಡ. ಅಂಚಿನ ಜಲ್ಲಿ ಕುಸಿದರೆ ಬಳ್ಳಿಯ ಬುಡ ಹೂತುಹೋಗುತ್ತದೆ, ಅದನ್ನು ಕೈಯಲ್ಲೇ ಎತ್ತಬೇಕು.

ಓಟ ಮುಗಿದ ಕೂಡಲೇ ಗ್ಲಾಸಿಗೆ ಕೈ ಹಾಕಬೇಡ. ಮೊದಲು ಉಪ್ಪು ಬೆರೆತ ಪಾನೀಯ, ಆಮೇಲೆ ಊಟ: ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿದ ಆಲೂಗಡ್ಡೆ, ಮೋಹೋ ಸಾಸ್, ಆಡಿನ ಚೀಸ್. ಆಮೇಲೆ ವೈನ್. ಇಲ್ಲಿಯ ರಾಣಿ ಮಾಲ್ವಸಿಯಾ ವೋಲ್ಕಾನಿಕಾ ಎಂಬ ಬಿಳಿ ದ್ರಾಕ್ಷಿ. ಬಾಟಲಿಯ ಮೇಲೆ ಸೆಕೊ ಅಂತಿದ್ದರೆ ಸಿಹಿಯಿಲ್ಲದ್ದು, ಸೆಮಿದುಲ್ಸೆ ಅರೆಸಿಹಿ, ದುಲ್ಸೆ ಪೂರ್ತಿ ಸಿಹಿ. ಸೆಕೊದಿಂದ ಶುರುಮಾಡು, ಸಿಹಿ ಮೊದಲು ಕುಡಿದರೆ ಆಮೇಲಿನದೆಲ್ಲ ಹುಳಿ ಅನಿಸುತ್ತದೆ. 10 ಡಿಗ್ರಿಯ ಆಸುಪಾಸು ಚೆನ್ನ, ಮಂಜಿನಷ್ಟು ತಣ್ಣಗಾದರೆ ಪರಿಮಳ ಸತ್ತಂತೆ. ಕೆಂಪು ಬೇಕೆಂದರೆ ಲಿಸ್ತಾನ್ ನೆಗ್ರೊ ಇದೆ, ಆದರೆ ಅಲ್ಲಿಗೆ ಹೋಗುವುದು ಬಿಳಿಗಾಗಿಯೇ ಅಂತ ನನ್ನ ಅಭಿಪ್ರಾಯ. 'ಜ್ವಾಲಾಮುಖಿಯ ರುಚಿ' ಎನ್ನುವ ಮಾರಾಟದ ಮಾತನ್ನು ಅರ್ಧ ಮಾತ್ರ ನಂಬು, ಕಲ್ಲು ಕರಗಿ ಗ್ಲಾಸಿಗೆ ಬರುವುದಿಲ್ಲ.

ಬೆಲೆ ಜಾಸ್ತಿ ಅನಿಸಿದರೆ ಗುಳಿಗಳನ್ನು ನೆನೆ: ಎರಡು ಬಳ್ಳಿಗಳ ನಡುವೆ ಅಷ್ಟು ದೂರ, ಯಂತ್ರ ಇಳಿಯುವಂತಿಲ್ಲ, ಕೊಯ್ಲೆಲ್ಲ ಕೈಯಿಂದಲೇ. 1775ರಲ್ಲಿ ಶುರುವಾದ ಎಲ್ ಗ್ರಿಫೊ ಎಂಬ ವೈನ್ ತಯಾರಿಕಾ ಕೇಂದ್ರದಲ್ಲಿ ವೈನ್ ಮ್ಯೂಸಿಯಂ ಇದೆ, ಅದಕ್ಕೊಂದು ಗಂಟೆ ಇಟ್ಟುಕೋ. ರುಚಿ ನೋಡುವ ದಿನ ಕಾರು ಬೇಡ, ಟ್ಯಾಕ್ಸಿ ಹಿಡಿ.

ಬಾಟಲಿಗಳನ್ನು ಚೆಕ್-ಇನ್ ಲಗೇಜಿಗೇ ಹಾಕಬೇಕು. ಕ್ಯಾನರಿ ದ್ವೀಪಗಳು ಸ್ಪೇನಿನವಾದರೂ ಯುರೋಪಿಯನ್ ಒಕ್ಕೂಟದ ವ್ಯಾಟ್ ವಲಯದ ಹೊರಗಿವೆ. ಹಾಗಾಗಿ ಮ್ಯಾಡ್ರಿಡ್ ಕಡೆ ಹೋಗುವಾಗ ತೆರಿಗೆಯಿಲ್ಲದೆ ಒಬ್ಬರಿಗೆ 4 ಲೀಟರ್ ವೈನ್ ಮಾತ್ರ. 750 ಮಿಲಿಯ ಐದು ಬಾಟಲಿ ಸಲೀಸು, ಆರನೆಯದು ಮಿತಿ ದಾಟುತ್ತದೆ.

ಇಂತಿ,
ನಿನ್ನ ಗೆಳೆಯ